ಲೆಕ್ಕ ಕೇಳುವವರ ಲೆಕ್ಕ

ಅಮೆರಿಕದಲ್ಲಿ 1880ರಲ್ಲಿ ಹುಟ್ಟಿದ ಸೈಕಲ್ ಸವಾರರ ಲೀಗ್, ಒಳ್ಳೆಯ ರಸ್ತೆಗಾಗಿ ಹೋರಾಡಿ 1890ರ ದಶಕದ ಕೊನೆಗೆ ಲಕ್ಷ ಸದಸ್ಯರನ್ನು ಕಂಡಿತು. ಸೈಕಲ್ ಹುಚ್ಚು ಇಳಿದ ಕೆಲವೇ ವರ್ಷಗಳಲ್ಲಿ ಸದಸ್ಯತ್ವವೂ ಕುಸಿಯಿತು. ಚಂದಾ ಹಣವನ್ನಷ್ಟೇ ನೆಚ್ಚುವವರಿಗೆ ಇದು ಎಚ್ಚರಿಕೆ.

ಇಂದು ಅಲ್ಲಿನ ಇಂಥ ದೊಡ್ಡ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಸಲ್ಲಿಸುವ ‘ಫಾರ್ಮ್ 990’ ಅನ್ನು ಕೇಳಿದವರಿಗೆಲ್ಲ ತೋರಿಸಲೇಬೇಕು. ಮುಖ್ಯಸ್ಥರ ಸಂಬಳ, ಕಾರ್ಯಕ್ರಮಗಳ ವೆಚ್ಚ, ಆಡಳಿತದ ಖರ್ಚು, ದೇಣಿಗೆ ಎತ್ತಲು ಮಾಡಿದ ಖರ್ಚು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಈ ದಾಖಲೆ ಕೈಸೇರುವುದು ವರ್ಷ ಮುಗಿದು ಎಷ್ಟೋ ತಿಂಗಳಾದ ಮೇಲೆ. ಹಾಗಾಗಿ ಮೀಸಲು ಹಣ ಎಷ್ಟು ತಿಂಗಳಿಗೆ ಸಾಕು ಎಂಬುದನ್ನು ಸಂಸ್ಥೆಗಳೇ ಮುಂದಾಗಿ ಸದಸ್ಯರಿಗೆ ತಿಳಿಸಬೇಕು. ಸೈಕಲ್ ಪಥದ ಖರ್ಚಿನ ಬಗ್ಗೆ ನಗರಾಡಳಿತವನ್ನು ಪ್ರಶ್ನಿಸುವವರು ತಮ್ಮ ಲೆಕ್ಕಪುಸ್ತಕ ಮುಚ್ಚಿಡುವುದು ಸಲ್ಲದು.