ಮರಳಿ ಬರುವ ಅತಿಥಿ

2024ನೆಯ ಇಸವಿಯ ಜನವರಿ ತಿಂಗಳ ಕೊನೆಯ ರಜಾದಿನಗಳಲ್ಲಿ ಕುಮಾರ ಪರ್ವತದ ದಾರಿಯಲ್ಲಿ ನೆರೆದ ಜನಸಂದಣಿಯು ವಾಚಕರ ನೆನಪಿನಿಂದ ಮಾಸಿರಲಾರದು. ಕಾಡಿನ ಕಾಲುದಾರಿಯು ಜಾತ್ರೆಯ ಬೀದಿಯಂತಾಯಿತು. ಒಡನೆಯೇ ಸರಕಾರದವರು ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ತಡೆದರು. ಅದೇ ವರ್ಷ ಆನ್‌ಲೈನ್ ನೋಂದಣಿಯನ್ನು ಏರ್ಪಡಿಸಿ, ಒಂದು ದಾರಿಗೆ ದಿನವೊಂದಕ್ಕೆ 300 ಮಂದಿಯ ಮಿತಿಯನ್ನು ಗೊತ್ತುಪಡಿಸಿದರು. ಇದರಿಂದ ವ್ಯಾಪಾರಕ್ಕೆ ಹಾನಿಯೆಂದು ಕೊರಗುವವರುಂಟು. ನಮ್ಮ ಅಭಿಪ್ರಾಯವು ಬೇರೆ.

ಕುಕ್ಕೆಯ ಭಕ್ತನನ್ನು ಹರಕೆಯು ಮರಳಿ ಕರೆತರುವುದು. ಬೆಟ್ಟವನ್ನು ನೋಡಬಂದವನಿಗೆ ಹರಕೆಯಿಲ್ಲ. ಆತನನ್ನು ಕರೆತರಬೇಕಾದುದು ನೆನಪೊಂದೇ. 1712 ಮೀಟರ್ ಎತ್ತರದ ಶಿಖರವನ್ನು ಏರಿದ್ದಾಯಿತು. ಎರಡನೆಯ ಸಲ ಏತಕ್ಕೆ ಬರಬೇಕು? ಕಾರಣಗಳು ಮೂರು. ಮೊದಲನೆಯದು, ಹಿಂದೆ ಕಂಡ ನಿಶ್ಶಬ್ದವೂ ನಿರ್ಮಲತೆಯೂ ಮತ್ತೆ ದೊರೆಯುವುದೆಂಬ ನಂಬಿಕೆ. ಎರಡನೆಯದು, ಋತುಭೇದ: ಆಷಾಢದಲ್ಲಿ ಕೆಂಪೇರಿ ಹರಿವ ಕುಮಾರಧಾರೆಯು ಮಾಘದಲ್ಲಿ ಬೇರೊಂದು ನದಿಯೇ ಸರಿ. ಮೂರನೆಯದು, ಮನುಷ್ಯರ ಆದರ. ಗಿರಿಗದ್ದೆಯ ಭಟ್ಟರ ಮನೆಯ ಊಟವನ್ನು ಶಿಖರದಷ್ಟೇ ನೆನೆಯುವ ಚಾರಣಿಗರು ಎಷ್ಟೋ ಮಂದಿ. ಈ ಮೂರನ್ನೂ ಕೆಡಿಸಲು ಒಂದು ದಿನದ ನೂಕುನುಗ್ಗಲು ಸಾಕು.

ಕಟ್ಟಳೆಯೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಸುಳ್ಯ ತಾಲೂಕಿನ ತೊಡಿಕಾನದ ದೇವಸ್ಥಾನದ ಬಳಿಯ ಹೊಳೆಯಲ್ಲಿ ಮೀನುಗಳು ನಿರ್ಭಯವಾಗಿ ಗುಂಪುಗೂಡುವುದನ್ನು ಕಾಣಲು ದೂರದಿಂದ ಜನರು ಬರುತ್ತಾರೆ. ಅವು ದೇವರ ಮೀನುಗಳೆಂದು ಯಾರೂ ಹಿಡಿಯದಿರುವುದರಿಂದಲ್ಲವೆ ಅವು ಉಳಿದಿರುವುದು? ನಿಷೇಧವೇ ಅಲ್ಲಿ ಆಕರ್ಷಣೆಯನ್ನು ಕಾಪಾಡಿದೆ.

ಇದು ಬರಿಯ ವಿಹಾರದ ಮಾತಲ್ಲ. ಸಂಪಾಜೆ, ಅರಂತೋಡು, ತೊಡಿಕಾನಗಳ ಕಡೆ ಹಳದಿ ಎಲೆ ರೋಗವು ಅಡಿಕೆ ತೋಟಗಳನ್ನು ಬರಿದುಮಾಡಿದೆ. ಕೃಷಿಕನು ಬೇರೊಂದು ಆದಾಯವನ್ನು ಹುಡುಕುತ್ತಿದ್ದಾನೆ. ಬೆಳಗ್ಗೆ ಬಂದು ಸಂಜೆಗೆ ಪ್ಲಾಸ್ಟಿಕ್ ಬಿಟ್ಟುಹೋಗುವ ಗುಂಪಿನಿಂದ ಅವನಿಗೇನೂ ದಕ್ಕದು. ಎರಡು ದಿನ ತಂಗಿ, ಮುಂದಿನ ವರ್ಷ ಮನೆಮಂದಿಯೊಡನೆ ಮರಳುವ ಅತಿಥಿಯೇ ಅವನಿಗೆ ಆಸರೆ.

ಆದುದರಿಂದ ಅಧಿಕಾರಿಗಳು ಮಿತಿಯನ್ನು ಸಡಿಲಿಸಬಾರದು. ಆದರೆ ಮಿತಿಯೊಂದೇ ಸಾಲದು. ಶುಲ್ಕದ ಒಂದು ಪಾಲು ದಾರಿಯ ಊರುಗಳ ಪಂಚಾಯತಿಗಳಿಗೆ ಸಂದು ಶೌಚಗೃಹ, ಕಸದ ವಿಲೇವಾರಿಗಳಿಗೆ ವೆಚ್ಚವಾಗಬೇಕು. ದಾರಿತೋರುವ ಕೆಲಸವು ಸ್ಥಳೀಯ ಯುವಕರಿಗೆ ದೊರೆಯಬೇಕು. ಬೆಟ್ಟದಲ್ಲಿ ಎಡೆಸಿಗದವರಿಗೆ ತೊಡಿಕಾನದ ದೇವರಗುಂಡಿ ಜಲಪಾತವನ್ನೂ ಪುತ್ತೂರು ತಾಲೂಕಿನ ಬೆಂದ್ರುತೀರ್ಥವನ್ನೂ ಪರಿಚಯಿಸಬೇಕು. ಅಲ್ಲಿಯೂ ಇದೇ ಶಿಸ್ತು ಮೊದಲ ದಿನದಿಂದ ನೆಲೆಗೊಳ್ಳಬೇಕು.

ಬಂದವರೆಷ್ಟು ಮಂದಿಯೆಂದು ಇಲಾಖೆಯವರು ವರ್ಷವರ್ಷವೂ ಲೆಕ್ಕವಿಡುವರು. ಮರಳಿ ಬಂದವರೆಷ್ಟು ಮಂದಿಯೆಂಬ ಲೆಕ್ಕವನ್ನೂ ಇನ್ನು ಮುಂದೆ ಇಡಲಿ. ಪುತ್ತೂರು, ಸುಳ್ಯ, ಕಡಬಗಳ ಏಳಿಗೆಯು ಆ ಎರಡನೆಯ ಲೆಕ್ಕದಲ್ಲಿದೆ.