ಹೆಸರು ಬದಲಿಸಿದ ತೋಟಾ
1893ರಲ್ಲಿ ಸ್ಪೇನ್ ದೇಶವು ತನ್ನ ಸೈನ್ಯಕ್ಕೆಂದು ಆರಿಸಿಕೊಂಡುದು ಜರ್ಮನಿಯ ಮೌಸರ್ ಕೋವಿಯ 7 ಮಿಲಿಮೀಟರ್ ತೋಟಾವನ್ನು. 1899ರಿಂದ 1902ರವರೆಗಿನ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಬೋಯರರು ಆಂಗ್ಲ ಸಿಪಾಯಿಗಳನ್ನು ಕೆಡವಿದುದೂ ಇದರಿಂದಲೇ. ಅನಂತರ ಲಂಡನ್ನಿನ ರಿಗ್ಬಿ ಕಂಪೆನಿಯು ಅದನ್ನೇ ‘.275’ ಎಂದು ಕರೆದು ಬೇಟೆಗಾರರಿಗೆ ಮಾರಿತು. ಶತ್ರುವಿನ ತೋಟಾಕ್ಕೆ ಸ್ವದೇಶಿ ನಾಮಕರಣ! ಬೇಟೆಗಾರರು ಒಲಿದುದು ಅದರ ಸೌಮ್ಯತೆಗೆ: ಕೋವಿ ಹಗುರ, ಭುಜಕ್ಕೆ ಒದೆತ ಅಲ್ಪ.

1930ರಲ್ಲಿ ಕುಮಾವೂನಿನ ಕಣಿವೆಯೊಂದರಲ್ಲಿ ಜಿಮ್ ಕಾರ್ಬೆಟ್ಟರು ಎಡಗೈಯಲ್ಲಿ ಹಕ್ಕಿಯ ಎರಡು ಮೊಟ್ಟೆಗಳನ್ನು ಹಿಡಿದು ಬಂಡೆಯೊಂದನ್ನು ಬಳಸಿ ಬಂದರು. ಎಂಟೇ ಅಡಿ ದೂರದಲ್ಲಿ ಕುಳಿತಿತ್ತು, 64 ಜನರನ್ನು ಬಲಿಗೊಂಡ ಚೌಗಢದ ಹೆಣ್ಣುಹುಲಿ. ಅವರು ಬಲಗೈಯೊಂದರಿಂದಲೇ ಆ .275 ಕೋವಿಯನ್ನು ಮೆಲ್ಲಮೆಲ್ಲನೆ ಅದರತ್ತ ತಿರುಗಿಸಿದರು. ಭಾರದ ಜೋಡುನಳಿಗೆಯಾಗಿದ್ದರೆ ತೋಳು ಸೋಲುತ್ತಿತ್ತೇನೋ! ಗುಂಡು ಹಾರಿತು, ಹುಲಿ ಒರಗಿತು. ಮೊಟ್ಟೆಗಳು ಒಡೆದಿರಲಿಲ್ಲ. ಅವನ್ನು ತಂದಲ್ಲಿಯೇ ಇರಿಸಿದರು. ಅರ್ಧ ಗಂಟೆಯಲ್ಲಿ ತಾಯಿಹಕ್ಕಿ ಮರಳಿ ಕಾವಿಗೆ ಕುಳಿತಿತ್ತು.