ನೆರಳು ಕೊಟ್ಟರೆ ಸಾಲದು, ಅಳತೆ ಇಳಿಸಿ

ಮಾಧವರಂ: ಬೇಸಿಗೆ ಬಂತೆಂದರೆ ಅಧಿಕಾರಿಗಳ ಮಾತು ಒಂದೇ. ಮಧ್ಯಾಹ್ನ ಹೊರಗೆ ಬರಬೇಡಿ, ಮಜ್ಜಿಗೆ ಕುಡಿಯಿರಿ, ತಲೆಗೆ ಟವೆಲ್ ಸುತ್ತಿಕೊಳ್ಳಿ. ಕೇಳೋಕೆ ಚೆಂದ. ಕೆರೆ ಹೂಳು ತೆಗೆಯುವ ಉಪಾಧಿ ಹಾಮಿ ಕೂಲಿಕಾರರು ಹೊರಗೆ ಬರದೇ ಕೆಲಸ ಮಾಡೋದು ಹೇಗೆ ಸ್ವಾಮಿ?

ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಔಷಧ ಪೆಟ್ಟಿಗೆ ಇರಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಬರೆದಿತ್ತು. ಅವು ಬೇಕೇ ಬೇಕು. ಆದರೆ ಟೆಂಟ್ ಹಾಕಿದರೂ ಅದರ ಕೆಳಗೆ ಕೂರುವವರು ಯಾರು? ಕೂಲಿ ಸಿಗೋದು ತೋಡಿದ ಮಣ್ಣಿನ ಅಳತೆ ಮೇಲೆ. ಅರ್ಧ ತಾಸು ಕುಂತರೆ ಗುಂಡಿ ಅಷ್ಟು ಕಮ್ಮಿ, ವಾರದ ಕೂಲಿಯೂ ಕಮ್ಮಿ. ಗುಂಪಿನ ಕೆಲಸವಾದ್ದರಿಂದ ಒಬ್ಬರು ಕುಂತರೆ ಉಳಿದವರಿಗೂ ಪೆಟ್ಟು. ತಲೆ ಸುತ್ತಿದರೂ ಗುದ್ದಲಿ ಬಿಡದಿರುವುದು ಅದಕ್ಕೇ.

ಗುದ್ದಲಿ ಹೊಡೆಯುವಾಗ ಮೈಯೊಳಗೂ ಶಾಖ ಹುಟ್ಟುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಅದು ಇಳಿಯಲು ಬೆವರೊಂದೇ ದಾರಿ. ಅದೂ ಸಾಲದೆ ಮೈ 40 ಡಿಗ್ರಿ ದಾಟಿ, ಮಾತು ತೊದಲಿ, ಎಚ್ಚರ ತಪ್ಪಿದರೆ ನಮ್ಮ ಕಡೆ ವಡದೆಬ್ಬ ಅನ್ನೋದು ಅದನ್ನೇ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು. 2015ರ ಮೇ ತಿಂಗಳಲ್ಲಿ ಆಂಧ್ರ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಸತ್ತರು. ಸತ್ತ ಮೇಲೆ ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು.

ಅಳತೆ ಇಳಿಸೋದು ಹೊಸ ಬೇಡಿಕೆ ಏನಲ್ಲ. ಆಂಧ್ರದಲ್ಲೇ ಏಪ್ರಿಲ್, ಮೇ ತಿಂಗಳಲ್ಲಿ ಶೇ 30ರಷ್ಟು ಬೇಸಿಗೆ ಭತ್ಯೆ ಇತ್ತು. ಕಡಿಮೆ ತೋಡಿದರೂ ಪೂರ್ತಿ ಕೂಲಿ ಬರುತ್ತಿತ್ತು. ಲೆಕ್ಕವೆಲ್ಲ ಕೇಂದ್ರದ ಸಾಫ್ಟ್‌ವೇರ್‌ಗೆ ಹೋದ ಮೇಲೆ, 2022ರ ಹೊತ್ತಿಗೆ, ಅದು ನಿಂತಿತು. ಸೇತುವೆ ದಾಟಿ ರಾಯಚೂರು ಜಿಲ್ಲೆಗೆ ಹೋಗಿ ನೋಡಿ. ಕರ್ನಾಟಕ ಸರ್ಕಾರ ಕಲಬುರಗಿ ವಿಭಾಗದ ಕೂಲಿಕಾರರಿಗೆ ಅದೇ ಎರಡು ತಿಂಗಳು ಶೇ 30ರಷ್ಟು ಕೆಲಸ ಕಡಿಮೆ ಮಾಡುತ್ತಾ ಬಂದಿತ್ತು. 2025ರಲ್ಲೂ ಅಲ್ಲಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆದವು. ಫ್ಯಾನಿನ ಕೆಳಗೆ ಕೂತವರಿಗೇ ಬಿಸಿಲು ತಡೆಯದು ಅಂದರೆ, ಹೊಳೆಯ ಈಚೆ ಗುದ್ದಲಿ ಹಿಡಿದವರ ಗತಿ ಏನು? (2025-26ರ ಕೂಲಿ ಅಲ್ಲಿ 370 ರೂಪಾಯಿ, ಇಲ್ಲಿ 307. ಅದು ಬೇರೆಯೇ ಕಥೆ.)

2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆ ಕಾಯ್ದೆ ತೆಗೆದು ಹೊಸದನ್ನು ತಂದಿದೆ. 100 ದಿನದ ಬದಲು 125 ದಿನ ಕೆಲಸ ಅಂತ ಹೇಳಿದೆ. ಅದರ ಪ್ರಕಾರ ಯೋಜನೆ ರೂಪಿಸುವ ಹೊಣೆ ರಾಜ್ಯಗಳದ್ದು. ಹಾಗಿದ್ದ ಮೇಲೆ ಬೇಸಿಗೆ ಅಳತೆಯನ್ನು ಅಮರಾವತಿಯಲ್ಲೇ ಬರೆದು ಹಾಕಬಹುದು. ಸಾಫ್ಟ್‌ವೇರ್ ಒಪ್ಪಲ್ಲ ಅನ್ನೋ ನೆಪ ಬೇಡ.

ಆದೋನಿ ಮಾರ್ಕೆಟ್ ಯಾರ್ಡ್‌ನ ಹಮಾಲರದ್ದೂ ಚೀಲದ ಲೆಕ್ಕವೇ. ಉದ್ಯೋಗ ಖಾತ್ರಿ ನಿಯಮ ಅವರಿಗೆ ತಾಗದು. ಬಿಸಿಲು ಏರಿದ ದಿನಗಳಲ್ಲಿ 12ರಿಂದ 4ರವರೆಗೆ ಲೋಡಿಂಗ್ ನಿಲ್ಲಿಸಿ, ನಸುಕಿನಲ್ಲೇ ಶುರು ಮಾಡಲು ಮಾರ್ಕೆಟ್ ಕಮಿಟಿಗೆ ಅಡ್ಡಿ ಏನು? ಆದೇಶ ಯಾವುದೇ ಇರಲಿ, ಮಾರ್ಚ್‌ನಲ್ಲೇ ಹೊರಡಬೇಕು. ಮೇ ಕೊನೆಗೆ ಕಾಗದ ಬಂದರೆ ಅಷ್ಟೊತ್ತಿಗೆ ಮಳೆ ಬಂದಿರುತ್ತೆ.